ದಂಡೂ ದಂಡೆಯೂ: ಹಲಸೂರಿನಿಂದ ಹಳೇ ಮದರಾಸು ರಸ್ತೆಯಲ್ಲಿ

ಬೆಂಗಳೂರಿಗೆ ಸಮುದ್ರವಿಲ್ಲ. ಪಡುವಣಕ್ಕೆ ಹೋದರೆ ಮಂಗಳೂರು, ಮೂಡಣಕ್ಕೆ ಹೋದರೆ ಮದರಾಸು. ಎರಡೂ ಸುಮಾರು 350 ಕಿಲೋಮೀಟರ್ ದೂರ. ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿರುವ ಈ ಊರಿನವರು ಕಡಲತೀರದ ವಿಹಾರವನ್ನು ರಜೆಗೇ ಕಾದಿರಿಸಿಕೊಳ್ಳಬೇಕು. ಆದರೂ ದಂಡೆಯಿಂದ ದಂಡೆಗೆ ಸಾಗುವ, ಅಲ್ಲಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯಬಹುದಾದ, ನಡುವೆ ಒಂದೆರಡು ನಡುಗಡ್ಡೆಗಳನ್ನೂ ಕಾಣಿಸುವ ರಸ್ತೆಯೊಂದು ನಗರದ ಒಳಗೇ ಇದೆ. ಅದು ಹಳೇ ಮದರಾಸು ರಸ್ತೆ. ಹಲಸೂರು ಗೇಟಿನಿಂದ ಹೊರಟು ಹಲಸೂರು ಕೆರೆಯ ಮಗ್ಗುಲಲ್ಲಿ ಹಾದು, ಇಂದಿರಾನಗರ, ಬೈಯಪ್ಪನಹಳ್ಳಿ, ಕೃಷ್ಣರಾಜಪುರಗಳನ್ನು ದಾಟಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯವರೆಗೆ ಹೋದರೆ ಇಪ್ಪತ್ತು ಕಿಲೋಮೀಟರಿನ ಒಳಗಿನ ದಾರಿ. ವಾಹನಗಳ ನಡುವೆ ಸಿಕ್ಕಿ ಬೆವರು ಒರೆಸಿಕೊಳ್ಳುವವರಿಗೆ ಇದೊಂದು ಸುಂದರ ವಿಹಾರದ ದಾರಿಯೆಂದರೆ ನಗು ಬಂದೀತು. ಆದರೆ ಈ ರಸ್ತೆ ಹುಟ್ಟಿದ್ದೇ ನೀರಿನ ಆಸರೆಯಲ್ಲಿ ಎಂಬುದನ್ನು ತಿಳಿದರೆ ಅದರ ಇಂದಿನ ಅವಸ್ಥೆಗೂ ಅರ್ಥ ಸಿಗುತ್ತದೆ.

ಹಳೆಯ ರಸ್ತೆಗಳೂ ಕೆರೆಗಳೂ ಜೊತೆಜೊತೆಗೆ ಇರುವುದಕ್ಕೆ ಕಾರಣಗಳು ಸರಳ. ಕೆರೆಯ ಏರಿ ಎಂದರೆ ಸುತ್ತಲಿನ ಗದ್ದೆಗಿಂತ ಎತ್ತರವಾದ, ಮಳೆಗಾಲದಲ್ಲೂ ಕೆಸರಾಗದ ಗಟ್ಟಿ ದಿಬ್ಬ. ಗಾಡಿ ಹೋಗಲು ಅದಕ್ಕಿಂತ ಒಳ್ಳೆಯ ಜಾಗ ಬಯಲುಸೀಮೆಯಲ್ಲಿ ಸಿಗುವುದು ಕಷ್ಟ. ಎರಡನೆಯದಾಗಿ, ಎತ್ತಿನ ಗಾಡಿಯ ಕಾಲದಲ್ಲಿ ಪ್ರಯಾಣದ ಅಳತೆಯನ್ನು ಗೊತ್ತು ಮಾಡುತ್ತಿದ್ದುದು ಮನುಷ್ಯನಲ್ಲ, ಎತ್ತು. ಅದಕ್ಕೆ ನೀರು, ನೆರಳು, ಮೇವು ಸಿಕ್ಕಲ್ಲೇ ಬಿಡಾರ. ಕೆರೆಯ ದಂಡೆಯಲ್ಲಿ ಮೂರೂ ಇದ್ದವು. ಏರಿಯ ಕೆಳಗೊಂದು ಗುಂಡುತೋಪು, ಪಕ್ಕದಲ್ಲೊಂದು ಗುಡಿ, ಅನುಕೂಲವಿದ್ದ ಕಡೆ ಛತ್ರ. ಒಂದು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುವ ಸೈನ್ಯಕ್ಕೂ ಇದೇ ಲೆಕ್ಕ. ಸೇನಾಪತಿಗೆ ಶತ್ರುವಿನ ಕೋಟೆ ಎಲ್ಲಿದೆ ಎಂಬುದು ಎಷ್ಟು ಮುಖ್ಯವೋ, ಮುಂದಿನ ಕೆರೆಯಲ್ಲಿ ನೀರಿದೆಯೇ ಎಂಬುದೂ ಅಷ್ಟೇ ಮುಖ್ಯ.

1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಕೋಲಾರ, ಹೊಸಕೋಟೆಗಳ ಮೇಲೆ ಬೆಂಗಳೂರಿಗೆ ಬಂದದ್ದು ಇದೇ ದಿಕ್ಕಿನಿಂದ. ಆ ವರ್ಷದ ಮಾರ್ಚ್ 7ರಂದು ಪೇಟೆಯ ಹಲಸೂರು ಬಾಗಿಲಲ್ಲಿ ಘೋರ ಕಾಳಗ ನಡೆದು ಕರ್ನಲ್ ಮೂರ್‌ಹೌಸ್ ಸತ್ತ. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಆ ಬಾಗಿಲು ಈಗಿಲ್ಲ. ‘ಹಲಸೂರು ಗೇಟ್’ ಎಂಬ ಪೊಲೀಸ್ ಠಾಣೆಯ ಹೆಸರಿನಲ್ಲಿ ಮಾತ್ರ ಉಳಿದಿದೆ. ಹಲಸೂರಿಗೆ ಹೋಗುವ ದಾರಿಯ ಬಾಗಿಲಾದ್ದರಿಂದ ಅದಕ್ಕೆ ಆ ಹೆಸರು. ಒಂಬತ್ತು ವರ್ಷಗಳ ಬಳಿಕ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಪರಿಶೀಲಿಸಲು ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ ಕೂಡ ಮದರಾಸಿನ ಕಡೆಯಿಂದಲೇ ಬೆಂಗಳೂರಿಗೆ ಬಂದ. ಅವನ ಪ್ರವಾಸದ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಯುದ್ಧಕ್ಕೆ ಬಂದವನೂ ಅಧ್ಯಯನಕ್ಕೆ ಬಂದವನೂ ಬಂದದ್ದು ಒಂದೇ ದಿಕ್ಕಿನಿಂದ.

ನಡುಗಡ್ಡೆಯಿಂದ ಬಂದ ದಂಡು

ಕನ್ನಡದಲ್ಲಿ ಸೈನ್ಯಕ್ಕೆ ದಂಡು ಎಂಬ ಹೆಸರಿದೆ. ಸೈನ್ಯ ನೆಲೆಸಿದ ಜಾಗವೂ ದಂಡೇ. ಕಂಟೋನ್ಮೆಂಟ್ ರೈಲು ನಿಲ್ದಾಣದ ಫಲಕದಲ್ಲಿ ‘ಬೆಂಗಳೂರು ದಂಡು’ ಎಂದು ಬರೆದಿರುವುದನ್ನು ಓದುಗರು ಗಮನಿಸಿರಬಹುದು. ಈ ದಂಡು ಬೆಂಗಳೂರಿಗೆ ಬಂದುದು ಒಂದು ನಡುಗಡ್ಡೆಯಿಂದ ಎಂಬುದು ಸ್ವಾರಸ್ಯದ ಸಂಗತಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಇಂಗ್ಲಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಲ್ಲಿಯೇ ಇಟ್ಟುಕೊಂಡರು. ಕಾವೇರಿ ಎರಡಾಗಿ ಕವಲೊಡೆದು ಸುತ್ತುವರಿದ ಆ ನೆಲ ಶತ್ರುವನ್ನು ತಡೆಯಲು ಒಳ್ಳೆಯದೇ ಆಗಿತ್ತು. ಸೊಳ್ಳೆಯನ್ನು ತಡೆಯಲು ಆಗಲಿಲ್ಲ. ಚಳಿಜ್ವರದಿಂದ ಸಿಪಾಯಿಗಳು ಸಾಯತೊಡಗಿದರು. ಎತ್ತರದ, ತಂಪಾದ, ಗಾಳಿಯಾಡುವ ಜಾಗ ಬೇಕಾಯಿತು. ಹಲಸೂರಿನ ಹಳೆಯ ಕೆರೆಯ ಪಡುವಣ ದಿಬ್ಬ ಅವರ ಕಣ್ಣಿಗೆ ಬಿತ್ತು. ಜಾನ್ ಬ್ಲಾಕಿಸ್ಟನ್ ಎಂಬ ಎಂಜಿನಿಯರ್ ಅಧಿಕಾರಿ ಹಾಕಿಕೊಟ್ಟ ನಕ್ಷೆಯಂತೆ 1809ರ ಹೊತ್ತಿಗೆ ದಂಡು ನೆಲೆಯೂರಿತು.

ಹಲಸೂರು ಆಗಲೇ ಹಳೆಯ ಊರು. ಹಲಸಿನ ತೋಪಿನಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಕೆರೆಯನ್ನು ಯಲಹಂಕ ನಾಡಪ್ರಭು ಕೆಂಪೇಗೌಡರ ವಂಶದವರ ಕಾಲದ್ದೆಂದು ಹೇಳುವ ರೂಢಿಯಿದೆ. ಕೆಂಪೇಗೌಡರು ನಿಲ್ಲಿಸಿದರೆನ್ನುವ ನಾಲ್ಕು ಗಡಿ ಗೋಪುರಗಳಲ್ಲಿ ಒಂದು ಈ ಕೆರೆಯ ದಂಡೆಯಲ್ಲೇ, ಇಂದಿನ ಮದರಾಸ್ ಎಂಜಿನಿಯರ್ ಗ್ರೂಪಿನ ಸೇನಾ ಆವರಣದ ಬಳಿ ಇದೆ. ಕೆರೆಯಿಂದ ಸ್ವಲ್ಪವೇ ನಡೆದರೆ ಸೋಮೇಶ್ವರ ದೇವಾಲಯ. ಅದರ ಎತ್ತರದ ಗೋಪುರ, ಕೈಲಾಸವನ್ನೆತ್ತುವ ರಾವಣನ ಕೆತ್ತನೆ, ಕಂಬಗಳ ಮೇಲಿನ ಶಿಲ್ಪ ಎಲ್ಲವೂ ವಿಜಯನಗರ ಕಾಲದ ಕೈಚಳಕವನ್ನು ತೋರುತ್ತವೆ. ಅಂದರೆ ಊರು, ಗುಡಿ, ಕೆರೆ ಮೂರೂ ಮೊದಲೇ ಇದ್ದವು. ದಂಡು ಬಂದು ದಂಡೆಯಲ್ಲಿ ಕುಳಿತುಕೊಂಡಿತು.

ಕೆರೆ ಎಂದರೇನು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳುವುದು ಒಳ್ಳೆಯದು. ಅದು ಸರೋವರವಲ್ಲ, ಮನುಷ್ಯ ಕಟ್ಟಿದ್ದು. ಕಣಿವೆಗೆ ಅಡ್ಡಲಾಗಿ ಏರಿ, ನೀರು ಬಿಡಲು ತೂಬು, ಹೆಚ್ಚಾದ ನೀರು ಹೊರಹೋಗಲು ಕೋಡಿ, ಕೆಳಗೆ ಅಚ್ಚುಕಟ್ಟು, ಗದ್ದೆಗೆ ನೀರು ಹಂಚಲು ನೀರಗಂಟಿ. ಇಷ್ಟರಲ್ಲಿ ಒಂದು ಕೆಟ್ಟರೂ ಕೆರೆ ಕೆಟ್ಟಿತು. ಅದಕ್ಕಾಗಿ ಹಿಂದಿನವರು ಕೆರೆ ಕಟ್ಟಿದವನಿಗೂ ಅದನ್ನು ಕಾಯುವವನಿಗೂ ಅಚ್ಚುಕಟ್ಟಿನಲ್ಲಿ ಭೂಮಿ ಬಿಡುತ್ತಿದ್ದರು; ಶಾಸನಗಳಲ್ಲಿ ಇದಕ್ಕೆ ಬಿತ್ತುವಟ್ಟ ಎಂದು ಹೆಸರು. ಹಲಸೂರಿನ ಕೋಡಿ ನೀರು ಹರಿದುಹೋಗುವ ಬೆಳ್ಳಂದೂರಿನ ಕಣಿವೆಯಲ್ಲೇ ಅಗರ ಎಂಬ ಊರಿದೆ. ಅಲ್ಲಿನ ಒಂಬತ್ತನೇ ಶತಮಾನದ ಗಂಗರ ಕಾಲದ ಶಾಸನ ಇರುಗಮಯ್ಯ ಎಂಬವನು ಕೆರೆಗಳಿಗೆ ತೂಬು ಇಡಿಸಿ, ಹೊಸ ಕೆರೆ ಕಟ್ಟಿಸಿ ಬಿತ್ತುವಟ್ಟ ಪಡೆದುದನ್ನು ಹೇಳುತ್ತದೆ. ಬೆಂಗಳೂರಿನ ಮೂಡಣ ಭಾಗದಲ್ಲಿ ಕೆರೆಯ ಕಥೆ ಕೆಂಪೇಗೌಡರಿಗಿಂತ ಆರೇಳು ಶತಮಾನ ಹಿಂದಕ್ಕೆ ಹೋಗುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ.

ಹಲಸೂರು ಕೆರೆಯಲ್ಲಿ ಕೆಲವು ನಡುಗಡ್ಡೆಗಳಿವೆ. ಮರಗಳು ದಟ್ಟವಾಗಿ ಬೆಳೆದು, ಸಂಜೆಯಾದೊಡನೆ ಹಕ್ಕಿಗಳ ಗಲಾಟೆಯಿಂದ ತುಂಬುವ ಪುಟ್ಟ ದಿಬ್ಬಗಳವು. ‘ದ್ವೀಪ’ ಎಂಬ ಸಂಸ್ಕೃತ ಮಾತಿಗಿಂತ ‘ನಡುಗಡ್ಡೆ’ ಎಂಬ ನಮ್ಮ ಮಾತೇ ಇವಕ್ಕೆ ಹೆಚ್ಚು ಒಪ್ಪುತ್ತದೆ. ಸಮುದ್ರದ ದ್ವೀಪ ಪ್ರಕೃತಿಯ ಸೃಷ್ಟಿ. ಕೆರೆಯ ನಡುಗಡ್ಡೆ ಹಾಗಲ್ಲ. ಏರಿ ಕಟ್ಟಿ ನೀರು ನಿಲ್ಲಿಸಿದಾಗ ಮುಳುಗದೆ ಉಳಿದ ದಿಣ್ಣೆ ನಡುಗಡ್ಡೆಯಾಗಬಹುದು. ಹೂಳೆತ್ತಿದ ಮಣ್ಣನ್ನು ಹೊರಗೆ ಸಾಗಿಸದೆ ಒಳಗೇ ಗುಡ್ಡೆ ಹಾಕಿದರೂ ಆಗಬಹುದು. ಯಾವ ಬಗೆಯದಾದರೂ ಅದು ಮನುಷ್ಯನ ಕೆಲಸದ ಗುರುತು.

ಕುಡಿಯುವ ನೀರು ನೋಡುವ ನೀರಾದದ್ದು

ದಂಡು ಬಂದ ಮೇಲೆ ಕೆರೆಯ ಸುತ್ತ ಹೊಸ ಹೆಸರುಗಳು ಹುಟ್ಟಿದವು. ಲಂಡನ್ನಿನ ಬಡಾವಣೆಯೊಂದರ ಹೆಸರು ಹೊತ್ತ ಕೆನ್ಸಿಂಗ್ಟನ್ ರಸ್ತೆ ಕೆರೆಯ ಅಂಚಿನಲ್ಲೇ ಹಾದುಹೋಯಿತು. ಪಡುವಣ ದಿಬ್ಬದ ಮೇಲೆ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಟ್ರಿನಿಟಿ ಚರ್ಚ್ ಎದ್ದಿತು. ನೀರು, ಮರ, ಗೋಪುರ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣುವ ನೋಟವನ್ನು ಸವಿಯುವ ಅಭ್ಯಾಸವನ್ನೂ ಇಂಗ್ಲಿಷರು ತಮ್ಮೊಡನೆ ತಂದಿದ್ದರು. ಮೈಸೂರು ಯುದ್ಧಗಳ ಬೆನ್ನಲ್ಲೇ ಬಂದ ಚಿತ್ರಗಾರರು, ಸೈನ್ಯದ ನಕ್ಷೆಗಾರರು ಈ ಸೀಮೆಯ ಬೆಟ್ಟ, ಕೋಟೆ, ಕೆರೆಗಳನ್ನು ಬರೆದು ಲಂಡನ್ನಿನಲ್ಲಿ ಚಿತ್ರಸಂಪುಟಗಳಾಗಿ ಪ್ರಕಟಿಸಿದರು. ರಾಬರ್ಟ್ ಹೋಮ್‌ನ ಸಂಪುಟ 1794ರದು. ನಮ್ಮ ರೈತ ಕೆರೆಯನ್ನು ನೋಡಿ ‘ತುಂಬಿದೆಯೇ?’ ಎಂದು ಕೇಳುತ್ತಿದ್ದ. ಹೊಸಬರು ‘ಚೆನ್ನಾಗಿದೆಯೇ?’ ಎಂದು ಕೇಳಿದರು. ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಮುಂದಿನ ಕಥೆ.

ಮೊದಮೊದಲು ಎರಡೂ ಪ್ರಶ್ನೆಗಳಿಗೆ ಜಾಗವಿತ್ತು. ಏಕೆಂದರೆ ದಂಡಿನ ಜನ ಕುಡಿಯುತ್ತಿದ್ದುದೂ ಬಾವಿಗಳ ಮತ್ತು ಇಂಥ ಕೆರೆಗಳ ನೀರನ್ನೇ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ನಾಶವಾಯಿತು. ಕೆರೆ ಬತ್ತಿದರೆ ಏನಾಗುತ್ತದೆ ಎಂಬುದು ಆ ಪೀಳಿಗೆಗೆ ಪುಸ್ತಕದ ಪಾಠವಾಗಿರಲಿಲ್ಲ. 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದ್ದು ನೀರಿನ ಈ ಚಿಂತೆಯಿಂದಲೇ. ದಂಡಿನ ಕಡೆ ಮಿಲ್ಲರ್ ಕೆರೆಗಳು, ಶೂಲೆ ಕೆರೆ, ಹಲಸೂರು ಕೆರೆ ಎಲ್ಲಕ್ಕೂ ಬೆಲೆಯಿತ್ತು.

ಆಮೇಲೆ ನಲ್ಲಿ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಯಲ್ಲಿ ನೀರು ತರುವ ಯೋಜನೆ ಸಿದ್ಧವಾಗಿ, 1890ರ ದಶಕದ ನಡುವಿನ ವರ್ಷಗಳಲ್ಲಿ ಪೇಟೆಗೂ ದಂಡಿಗೂ ನೀರು ಹರಿಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿ ಬಂದವು. ಇದು ಜನಾರೋಗ್ಯದ ದೃಷ್ಟಿಯಿಂದ ದೊಡ್ಡ ಉಪಕಾರವೇ. ಕಾಲರಾ, ಪ್ಲೇಗುಗಳ ಊರಿನಲ್ಲಿ ಶುದ್ಧ ನೀರಿನ ನಲ್ಲಿಯನ್ನು ಯಾರೂ ಹೀಗಳೆಯಲಾರರು. ಆದರೆ ಅದರ ಜೊತೆಗೇ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಯಿತು. ಕೆರೆ ಕೆಟ್ಟರೆ ಬಾಯಾರಿ ಸಾಯುವವರು ಇಲ್ಲವಾದರು. ಅಚ್ಚುಕಟ್ಟಿನಲ್ಲಿ ಮನೆಗಳೆದ್ದು ರೈತನೂ ಇಲ್ಲವಾದ. ರೈತನಿಲ್ಲದ ಮೇಲೆ ನೀರಗಂಟಿ ಎಲ್ಲಿ? ಕೆರೆಗೆ ಉಳಿದದ್ದು ಒಂದೇ ಉದ್ಯೋಗ: ನೋಡುವುದಕ್ಕೆ ಚೆನ್ನಾಗಿರುವುದು.

ಆ ಉದ್ಯೋಗವೂ ಇಲ್ಲದ ಕೆರೆಗಳ ಗತಿ ಬೇಗ ನಿರ್ಧಾರವಾಯಿತು. ದಂಡಿನ ಶೂಲೆ ಕೆರೆಯ ಜಾಗದಲ್ಲಿ ಇಂದು ಫುಟ್‌ಬಾಲ್ ಕ್ರೀಡಾಂಗಣವಿದೆ. ಮಿಲ್ಲರ್ ಕೆರೆ ರಸ್ತೆಯ ಹೆಸರಾಗಿ ಉಳಿಯಿತು. ಇಂದಿರಾನಗರದ ತೆಂಕಣಕ್ಕಿದ್ದ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ಗಾಲ್ಫ್ ಆಡುತ್ತಾರೆ. ಹಲಸೂರು ಕೆರೆ ಉಳಿದದ್ದು ಅದರ ನೋಟದಿಂದ, ಪಕ್ಕದ ಸೇನಾ ನೆಲೆಯಿಂದ. ಹಾಗೆ ನೋಡಿದರೆ ಸೌಂದರ್ಯ ಅದನ್ನು ಕಾಪಾಡಿತು. ಆದರೆ ಎಷ್ಟರಮಟ್ಟಿಗೆ? ನೋಟ ಕಾಪಾಡುವುದು ನೀರಿನ ಮೇಲ್ಮೈಯನ್ನು ಮಾತ್ರ. ಮೇಲಿನ ಬಡಾವಣೆಗಳಿಂದ ರಾಜಕಾಲುವೆಗಳಲ್ಲಿ ಬರುವ ಕೊಳಚೆ ಕಣ್ಣಿಗೆ ಬೀಳದೆ ಒಳಸೇರುತ್ತದೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದಾಗ ಊರಿಗೆ ಗಾಬರಿಯಾಯಿತು. ಕೊಳಚೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗಿಬಿಡುತ್ತದೆ, ಮೀನಿಗೆ ಉಸಿರಿಲ್ಲದಾಗುತ್ತದೆ. ಸುಮಾರು ಐವತ್ತು ಹೆಕ್ಟೇರಿನ ಆ ಕೆರೆ ಹಿಂದಿನ ದಿನದವರೆಗೆ ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು.

ಆಡಳಿತದ ನಡುಗಡ್ಡೆ

ನೀರಿನ ಕಥೆಯ ಜೊತೆಗೆ ಆಡಳಿತದ ಕಥೆಯನ್ನೂ ಹೇಳಬೇಕು. 1881ರಲ್ಲಿ ಮೈಸೂರು ಸಂಸ್ಥಾನ ಮತ್ತೆ ಅರಸರ ಕೈಗೆ ಬಂದರೂ ದಂಡಿನ ಪ್ರದೇಶ ಬರಲಿಲ್ಲ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಅದು ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲಿ ಉಳಿಯಿತು. ಸುತ್ತ ಮೈಸೂರು, ನಡುವೆ ಇಂಗ್ಲಿಷರ ಕಾನೂನು. ಇದಕ್ಕಿಂತ ಸ್ಪಷ್ಟವಾದ ನಡುಗಡ್ಡೆ ಇನ್ನೊಂದಿರಲಾರದು. ಪೇಟೆಗೂ ದಂಡಿಗೂ 1862ರಿಂದಲೇ ಬೇರೆ ಬೇರೆ ಪುರಸಭೆಗಳಿದ್ದವು. ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮೊದಲು, 1947ರ ಜುಲೈನಲ್ಲಿ, ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆಯಿತು.

ಆ ನಡುಗಡ್ಡೆಯಲ್ಲಿ ನೆಲೆಸಿದವರು ಇಂಗ್ಲಿಷರಿಗಿಂತ ಹೆಚ್ಚಾಗಿ ಅವರೊಡನೆ ಇದೇ ರಸ್ತೆಯಲ್ಲಿ ಬಂದವರು. ಮದರಾಸು ಪಡೆಯ ಸಿಪಾಯಿಗಳು, ಆರ್ಕಾಟಿನ ಕಡೆಯ ಮೊದಲಿಯಾರ್ ಗುತ್ತಿಗೆದಾರರು, ತಮಿಳು, ತೆಲುಗು, ಉರ್ದು ಮಾತಾಡುವ ವರ್ತಕರು, ಕಸುಬುದಾರರು. ಕೆರೆಯ ಸುತ್ತಲಿನ ರಸ್ತೆಗಳಿಗಿರುವ ಗಂಗಾಧರ ಚೆಟ್ಟಿ, ಅಣ್ಣಾಸ್ವಾಮಿ ಮೊದಲಿಯಾರ್ ಎಂಬ ಹೆಸರುಗಳು, ದಂಡೆಯ ಗುರುದ್ವಾರ ಎಲ್ಲವೂ ಈ ವಲಸೆಯ ಗುರುತುಗಳೇ. ಕೆರೆಯ ಬಳಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆ ಭಾಷೆಗಳ ಮನಸ್ತಾಪದಿಂದಾಗಿ ಹದಿನೆಂಟು ವರ್ಷ ಮುಸುಕು ಹೊದ್ದೇ ನಿಂತಿತ್ತು. 2009ರ ಆಗಸ್ಟ್ 9ರಂದು ಅದರ ಅನಾವರಣವಾಯಿತು. ನಾಲ್ಕು ದಿನಗಳ ನಂತರ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯ ಅನಾವರಣವೂ ಆಯಿತು. ಒಂದು ರಸ್ತೆಯ ಎರಡು ತುದಿಗಳಲ್ಲಿ ಇಬ್ಬರು ಕವಿಗಳು ನಿಂತಂತಾಯಿತು. ಕೆರೆಯ ಸುತ್ತ ನಡೆಯುವವರು ಈ ಪ್ರತಿಮೆಯ ಬಳಿ ಒಂದು ಗಳಿಗೆ ನಿಂತರೆ ತಪ್ಪಿಲ್ಲ.

ಕೃಷ್ಣರಾಜಪುರದ ಕಡೆಗೆ

ಹಲಸೂರಿನಿಂದ ಮುಂದೆ ರಸ್ತೆ ಒಂದು ಏರುನೆಲದ ಮೇಲೆ ಸಾಗುತ್ತದೆ. ಬಡಗಣದ ನೀರು ಹೆಬ್ಬಾಳದ ಕಣಿವೆಯದು, ತೆಂಕಣದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯದು. 1864ರಲ್ಲಿ ಜೋಲಾರಪೇಟೆಯಿಂದ ಬಂದ ರೈಲುದಾರಿಯೂ ಸುಮಾರಾಗಿ ಇದೇ ದಿಕ್ಕನ್ನು ಹಿಡಿಯಿತು. ಅಲ್ಲಿಂದಾಚೆಗೆ ಎತ್ತಿಗೆ ನೀರು ಹುಡುಕುವ ಅಗತ್ಯ ಕಡಿಮೆಯಾಯಿತು, ದಂಡೆಯ ಛತ್ರಗಳ ಗೌರವವೂ ಕಡಿಮೆಯಾಯಿತು. ಸ್ವಾತಂತ್ರ್ಯದ ಬೆನ್ನಲ್ಲೇ 1948ರಲ್ಲಿ ದೂರವಾಣಿನಗರದ ಐ.ಟಿ.ಐ., ಆಮೇಲೆ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಹೀಗೆ ಕಾರ್ಖಾನೆಗಳು ಸಾಲುಗಟ್ಟಿದವು. ಇಂದಿರಾನಗರ ಬಡಾವಣೆ 1970ರ ದಶಕದಲ್ಲಿ ಬೆಳೆಯಿತು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ನಗರದ ಮೊದಲ ಮೆಟ್ರೊ ಓಡಿತು. 2023ರಲ್ಲಿ ಅದು ಕೃಷ್ಣರಾಜಪುರ ದಾಟಿ ವೈಟ್‌ಫೀಲ್ಡ್ ಮುಟ್ಟಿತು.

ಇಷ್ಟಾದರೂ ದಂಡೆಗಳು ಪೂರ್ತಿ ಮಾಯವಾಗಿಲ್ಲ. ಬೈಯಪ್ಪನಹಳ್ಳಿ ದಾಟುತ್ತಿದ್ದಂತೆ ಹೆದ್ದಾರಿಯ ಮಗ್ಗುಲಲ್ಲೇ ಬೆನ್ನಿಗಾನಹಳ್ಳಿ ಕೆರೆ ಸಿಗುತ್ತದೆ. ತೆಂಕಣಕ್ಕೆ ಹೊರಳಿದರೆ ವಿಭೂತಿಪುರ. ಅಲ್ಲಿ ಹದಿನಾಲ್ಕನೇ ಶತಮಾನದ ಆರಂಭದ, ಹೊಯ್ಸಳರ ಕಾಲದ ತಮಿಳು ಶಾಸನವೊಂದಿದೆ. ಕಾಡು ಕಡಿದು, ನೆಲ ಸಮ ಮಾಡಿ, ಊರು ಮಾಡಿ, ಕೆರೆ ಕಟ್ಟಿದ ಸಂಗತಿ ಅದರಲ್ಲಿ ಬರುತ್ತದೆ. ಊರು ಎಂದರೆ ಕೆರೆ ಎಂಬ ಲೆಕ್ಕ ಆಗಿನದು. ಊರು ಬೆಳೆದರೆ ಕೆರೆ ಹೋಗಬೇಕು ಎಂಬ ಲೆಕ್ಕ ನಮ್ಮದು.

ಕೃಷ್ಣರಾಜಪುರದ ತೂಗುಸೇತುವೆಯನ್ನೂ ಪೇಟೆಯನ್ನೂ ಹಾದು ಹೊಸಕೋಟೆಯ ಕಡೆಗೆ ಹೊರಟರೆ ಎಡಗಡೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ವಿಸ್ತಾರವಾಗಿ ತೆರೆದುಕೊಳ್ಳುತ್ತದೆ. ನಾನೂರಕ್ಕೂ ಹೆಚ್ಚು ಎಕರೆಯ ಈ ಕೆರೆಗೆ ಅರಸನ ಹೆಸರಿಲ್ಲ, ಅಧಿಕಾರಿಯ ಹೆಸರಿಲ್ಲ. ವೀಳ್ಯದೆಲೆ ವ್ಯಾಪಾರದಲ್ಲಿ ಹಣ ಮಾಡಿದ ಹತ್ತೊಂಬತ್ತನೇ ಶತಮಾನದ ವರ್ತಕರೊಬ್ಬರು ತಮ್ಮ ಗಳಿಕೆಯಿಂದ ಇದನ್ನು ಕಟ್ಟಿಸಿದರು. ಬೆಂಗಳೂರಿನಲ್ಲಿ ಹೆರಿಗೆ ಆಸ್ಪತ್ರೆಗೂ ದಾನ ಮಾಡಿದವರು ಅವರು. ಎಲೆ ಮಾರಿದವರು ನೀರು ಕೊಟ್ಟರು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ವೀಳ್ಯದೆಲೆಯ ತೋಟಕ್ಕೆ ವರ್ಷವಿಡೀ ನೀರು ಬೇಕು. ನೀರಿನ ಬೆಲೆ ಏನೆಂದು ಆ ವ್ಯಾಪಾರದವರಿಗೆ ತಿಳಿಯದೆ ಇರುತ್ತದೆಯೇ?

ಹಾಗಾದರೆ ಈ ನೀರೆಲ್ಲ ಹೋಗುವುದೆಲ್ಲಿಗೆ? ರಸ್ತೆಯ ಎರಡು ಮಗ್ಗುಲ ಕಣಿವೆಗಳೂ ಕೊನೆಗೆ ಒಂದೇ ನದಿಗೆ ಇಳಿಯುತ್ತವೆ. ಹೆಬ್ಬಾಳದ ಕಡೆಯ ನೀರು ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕವೂ, ಹಲಸೂರಿನ ಕೋಡಿಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕವೂ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ನದಿ ಹೊಸೂರು, ಕೃಷ್ಣಗಿರಿಗಳ ಕಡೆ ಹರಿದು ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಬೆಂಗಳೂರಿಗೆ ಸಮುದ್ರವಿಲ್ಲ ಎಂದೆವಲ್ಲ, ಹಲಸೂರಿನ ನೀರಿಗೆ ಸಮುದ್ರವಿದೆ.

2018ರಿಂದ ಈ ಕಥೆಗೆ ಹೊಸ ಅಧ್ಯಾಯ ಸೇರಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪು ಮಾಡಿ ತುಂಬಿಸಲಾಗುತ್ತಿದೆ. ಬತ್ತಿ ಬಾಯಿಬಿಟ್ಟಿದ್ದ ಕೆರೆಗಳಲ್ಲಿ ನೀರು ಕಂಡು ಸಂತೋಷಪಟ್ಟವರಿದ್ದಾರೆ. ಬಾವಿಗಳಲ್ಲಿ ಜಲ ಮೇಲೇರಿದೆ ಎನ್ನುತ್ತಾರೆ. ಮೂರನೇ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಅಂತರ್ಜಲಕ್ಕಿಳಿದರೆ ಗತಿಯೇನು ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಎರಡು ಶತಮಾನಗಳ ಹಿಂದೆ ಕೋಲಾರದಿಂದ ಬೆಂಗಳೂರಿಗೆ ಬರುತ್ತಿದ್ದವನು ದಾರಿಯ ಕೆರೆಗಳ ನೀರು ಕುಡಿದು ಬರುತ್ತಿದ್ದ. ಈಗ ಬೆಂಗಳೂರು ಬಳಸಿ ಬಿಟ್ಟ ನೀರು ಕೋಲಾರಕ್ಕೆ ಹೋಗುತ್ತಿದೆ.

ಇಲ್ಲಿ ನಮಗೊಂದು ಪಾಠವಿದೆ. ಕೆರೆಯ ಸುತ್ತ ಕಬ್ಬಿಣದ ಬೇಲಿ ಹಾಕಿ, ನಡೆಯಲು ದಾರಿ ಮಾಡಿ, ಕಲ್ಲು ಬೆಂಚಿಟ್ಟು, ದೀಪ ಹಚ್ಚಿದರೆ ಕೆರೆ ಉಳಿಯಿತೆಂದು ನಾವು ಭಾವಿಸಿದ್ದೇವೆ. ಬೆಳಗಿನ ನಡಿಗೆಗೆ ಅವೆಲ್ಲ ಬೇಕು, ನಿಜ. ಆದರೆ ಸಾವಿರ ವರ್ಷ ಈ ಕೆರೆಗಳನ್ನು ಉಳಿಸಿದ್ದು ಅವುಗಳ ಅಂದವಲ್ಲ, ಅವುಗಳ ಅಗತ್ಯ. ತೂಬು ಕಟ್ಟಿಕೊಂಡರೆ ತನ್ನ ಗದ್ದೆ ಒಣಗುತ್ತದೆ ಎಂದು ಬಲ್ಲವನು ಯಾರ ಅಪ್ಪಣೆಗೂ ಕಾಯದೆ ಹಾರೆ ಹಿಡಿದು ಬರುತ್ತಿದ್ದ. ಆ ಸಂಬಂಧ ಈಗ ಕೋಲಾರದ ರೈತನ ಮೂಲಕ ದೂರದಿಂದಲಾದರೂ ಮರಳಿ ಬಂದಿದೆ. ಹಲಸೂರಿನ ಕೊಳಚೆ ಹಲಸೂರಿನದು ಮಾತ್ರ ಎನ್ನುವಂತಿಲ್ಲ. ಅದೇ ಕಣಿವೆಯ ನೀರು ಯಾರದೋ ಬಾವಿಯ ನೀರಾಗಲಿದೆ. ಶಿವಾಜಿನಗರದಲ್ಲಿ ಕಾಲುವೆಗೆ ಕಸ ಸುರಿಯುವವರಿಗೂ ಮುಳಬಾಗಿಲಿನಲ್ಲಿ ಕೊಡ ಹೊರುವವರಿಗೂ ನಡುವೆ ಇರುವುದು ಒಂದೇ ದಾರಿ, ಹಳೇ ಮದರಾಸು ರಸ್ತೆ.

ಭಾನುವಾರ ಬೆಳಿಗ್ಗೆ ವಾಹನಗಳ ಹಾವಳಿ ಕಡಿಮೆ ಇರುವಾಗ ಈ ದಾರಿಯಲ್ಲಿ ಹೊರಡಬಹುದು. ಕೆನ್ಸಿಂಗ್ಟನ್ ರಸ್ತೆಯಲ್ಲಿ ಇಳಿದು ನಡುಗಡ್ಡೆಯ ಹಕ್ಕಿಗಳನ್ನು ನೋಡಿ, ಸೋಮೇಶ್ವರನ ಗುಡಿಗೆ ನಡೆದು, ಬೆನ್ನಿಗಾನಹಳ್ಳಿಯಲ್ಲಿ ಒಮ್ಮೆ ನಿಂತು, ಎಲೆ ಮಲ್ಲಪ್ಪ ಶೆಟ್ಟರ ಏರಿಯ ಬಳಿ ಪ್ರಯಾಣ ಮುಗಿಸಬಹುದು. ನೋಟ ಚೆನ್ನಾಗಿದೆಯೇ ಎಂದು ಕೇಳಿಕೊಳ್ಳಲು ಅಡ್ಡಿಯಿಲ್ಲ. ಅದರ ಜೊತೆಗೆ ಪ್ರತಿ ದಂಡೆಯಲ್ಲೂ ರೈತನ ಹಳೆಯ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಇದು ಯಾವ ನೀರು, ಎಲ್ಲಿಂದ ಬಂತು, ಮುಂದೆ ಯಾರಿಗೆ ಹೋಗುತ್ತದೆ?